ಕಿತ್ತಳೆ ಮೋಡ ಸರಿಸಿದ ಕೈ

"ಓದಿ ಒತ್ತಿದ್ಯೋ, ಓದದ ಒತ್ತಿದ್ಯೋ? ಅಷ್ಟ ಹೇಳು," ಅಂದೆ.

ಸಿಂಚನಾ ತಲೆ ಎತ್ತಲಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯ ಆ ಇಕ್ಕಟ್ಟು ಕೋಣೆಯಲ್ಲಿ ಕೂಲರ್ ಭರ್ರೆಂದು ಗಾಳಿ ಒಗೆಯುತ್ತಿತ್ತು. ಆದರೂ ಹುಡುಗಿಯ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು.

"ಓದ್ಲಿಲ್ಲ ಮೇಡಂ. ದಿನಾ ಸಾಯಂಕಾಲ ಮಾಡೋ ಕೆಲ್ಸ. ಯೆಸ್ ಅಂತ ಹೊಡ್ದು ಟೀಗೆ ಹೋದೆ."

ಶಾಣ್ಯಾ ಮಗಳು! ಓದಿದ್ದರೆ ಈ ಕೇಸೇ ಇರುತ್ತಿರಲಿಲ್ಲ, ನಾನು ಲಕ್ಷ್ಮೀ ನಗರದ ಮನೆಯಲ್ಲಿ ಮಾವಿನಕಾಯಿ ಹೆಚ್ಚಿಕೊಂಡು ಹಾಯಾಗಿ ಕೂತಿರುತ್ತಿದ್ದೆ. ಆದರೆ ಓದಲಿಲ್ಲ ಎಂದು ಒಪ್ಪಿಕೊಂಡಳಲ್ಲ, ಆಗಲೇ ನನಗೆ ಅರ್ಧ ನಂಬಿಕೆ ಬಂತು. ಬೇಕೆಂದೇ ಕೇಡು ಮಾಡಿದವರು ಇಷ್ಟು ಪೆದ್ದು ಕಾರಣ ಹೇಳುವುದಿಲ್ಲ. ಚೆಂದದ ಕಾರಣ ಮೊದಲೇ ಹೊಲಿಸಿಕೊಂಡು ಬಂದಿರುತ್ತಾರೆ.

ಬುಧವಾರ ಸಂಜೆ ಯಾರೋ ಈ ಆಸ್ಪತ್ರೆಯ ರಿಪೋರ್ಟುಗಳಿರುವ ವೆಬ್‌ಸೈಟಿನ ಮೇಲೆ ಮುಗಿಬಿದ್ದು ಕೆಡವಿದ್ದರು, ರೋಗಿಗಳ ರಿಪೋರ್ಟು ತೆರೆಯಲಾಗದೆ ಆಪರೇಷನ್‌ಗಳು ಮುಂದಕ್ಕೆ ಹೋಗಿದ್ದವು, ತಪ್ಪೆಲ್ಲ ಸಿಂಚನಾ ತಲೆಗೆ ಕಟ್ಟಲಾಗಿತ್ತು. ಇವತ್ತು ಟ್ರಸ್ಟಿಗಳ ಸಭೆ. ಊಟದ ಹೊತ್ತಿಗೆ ಅದು ಮುಗಿದರೆ ಅವಳ ಹೆಸರು ಬರೆದ ದೂರು ಸೈಬರ್ ಪೊಲೀಸರ ಮೇಜಿನ ಮೇಲಿರುತ್ತದೆ. ಮೊದಲನೇ ನೌಕರಿ, ಮೈಸೂರಿನ ಹುಡುಗಿ. ಒಮ್ಮೆ ಆ ಕಾಗದದ ಮೇಲೆ ಹೆಸರು ಬಿತ್ತೆಂದರೆ ಈ ಜನ್ಮದಲ್ಲಿ ಯಾರೂ ಅವಳ ಕೈಗೆ ಕಂಪ್ಯೂಟರ್ ಕೊಡುವುದಿಲ್ಲ.

ನನ್ನನ್ನು ಕರೆಸಿದವರು ಹೊನ್ನಪ್ಪನವರು. ಗದಗಿನವರು, ವಾಯುಪಡೆಯಲ್ಲಿದ್ದು ನಿವೃತ್ತರಾಗಿ ಇಲ್ಲಿ ಆಡಳಿತ ನೋಡಿಕೊಳ್ಳುತ್ತಾರೆ. ಮೀಸೆ ಇನ್ನೂ ಪರೇಡಿನಲ್ಲೇ ಇದೆ. ಹುಡುಗಿ ತಪ್ಪು ಮಾಡಿದ್ದರೆ ತಾನೇ ಕೈ ಹಿಡಿದು ಪೊಲೀಸರಿಗೆ ಒಪ್ಪಿಸುತ್ತೇನೆ, ಮಾಡಿಲ್ಲದಿದ್ದರೆ ಒಂದು ಕೂದಲೂ ಕೊಂಕಬಾರದು, ಯಾವುದು ಖರೆ ಅನ್ನುವುದನ್ನು ಸಭೆ ಮುಗಿಯುವುದರೊಳಗೆ ಹೇಳಬೇಕು ಎಂದು ಫೋನಿನಲ್ಲಿ ಅಪ್ಪಣೆ ಮಾಡಿದ್ದರು. ಹೇಳತೇನಿ ಬಿಡ್ರಿ ಅಂದಿದ್ದೆ. ನಾನು ಕುಮುದಾ. ಧಾರವಾಡದಲ್ಲಿ ಹುಟ್ಟಿ, ನಾಗಪುರದಲ್ಲಿ ಇನ್ನೊಬ್ಬರ ಕಂಪ್ಯೂಟರಿನ ಕಳ್ಳರನ್ನು ಹಿಡಿದು ಹೊಟ್ಟೆ ಹೊರೆಯುವವಳು. ಹೇಳತೇನಿ ಅಂದರೆ ಹೇಳುತ್ತೇನೆ.

"ಅಕ್ಕಾರ, ನನಗ ತಿಳಿಯೂ ಹಂಗ ಒಂದ ಸಲ ಹೇಳ್ರಿ," ಅಂದರು ಹೊನ್ನಪ್ಪನವರು, ಕುರ್ಚಿ ಎಳೆದುಕೊಂಡು. "ಈ ಮೋಡ, ಈ ಪ್ರಾಕ್ಸಿ, ಏನಿದು?"

ಗಾಂಧಿಬಾಗ್ ಪೇಟೆಯ ಸಗಟು ವ್ಯಾಪಾರಿಯನ್ನು ನೆನಪು ಮಾಡಿಕೊಳ್ಳಿ ಅಂದೆ. ಮುಂದೆ ರಸ್ತೆಗೆ ಅಂಗಡಿ, ಹಿಂದೆ ಯಾವುದೋ ಗಲ್ಲಿಯಲ್ಲಿ ಗೋದಾಮು. ಗಿರಾಕಿ ಅಂಗಡಿಗೆ ಬರುತ್ತಾನೆ, ಅಂಗಡಿಯವನು ಒಳಗಿಂದ ಮಾಲು ತರಿಸಿ ಕೊಡುತ್ತಾನೆ, ಗೋದಾಮು ಎಲ್ಲಿದೆ ಅಂತ ಗಿರಾಕಿಗೆ ಗೊತ್ತೇ ಇರುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಆಸ್ಪತ್ರೆಯ ಹೆಸರು ಹೊಡೆದರೂ ಹಾಗೇ. ಹೆಸರಿನ ಎದುರು ಒಂದು ವಿಳಾಸ ಇರುತ್ತದೆ. ಪ್ರಾಕ್ಸಿ ಅಂದರೆ ಆ ಮುಂದಿನ ಅಂಗಡಿ, ಅದನ್ನು ಹಾಕಿದ್ದರೆ ಅಲ್ಲಿ ಕಾಣುವುದು ಅಂಗಡಿಯ ವಿಳಾಸ, ಅಂದರೆ ಸೈಟನ್ನು ಕಾಯುವ ಕಾವಲು ಕಂಪನಿಯದು. ಪ್ರಾಕ್ಸಿ ತೆಗೆದರೆ ನೇರವಾಗಿ ಗೋದಾಮಿನ ವಿಳಾಸವೇ ಬೋರ್ಡಿನ ಮೇಲೆ ಬಂದುಬಿಡುತ್ತದೆ. ಯಾರು ಬೇಕಾದರೂ ಹೋಗಿ ಬಾಗಿಲು ಒದೆಯಬಹುದು.

ಆ ಕಾವಲು ಕಂಪನಿಯ ಪರದೆಯಲ್ಲಿ ಪ್ರಾಕ್ಸಿ ಇದ್ದ ಹೆಸರಿನ ಪಕ್ಕ ಕಿತ್ತಳೆ ಬಣ್ಣದ ಪುಟ್ಟ ಮೋಡ ಇರುತ್ತದೆ, ತೆಗೆದರೆ ಬೂದಿ ಬಣ್ಣ. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ಮೋಡ ಅಂತಲೇ ಕರೆಯುತ್ತಿದ್ದರು.

"ಮತ್ತ ಈ ಹುಡುಗಿ ದಿನಾ ಏನ ಮಾಡತಿದ್ಲು?"

ಹೇಳಿದೆ. ಯಾವ ಹೆಸರಿಗೆ ಯಾವ ವಿಳಾಸ, ಯಾವುದಕ್ಕೆ ಮೋಡ ಇರಬೇಕು, ಎಲ್ಲವನ್ನೂ ಒಂದು ಕೋಡ್ ಫೈಲಿನಲ್ಲಿ ಬರೆದಿಟ್ಟಿರುತ್ತಾರೆ. ಸಂಜೆಗೊಮ್ಮೆ ಸಿಂಚನಾ ಆ ಕೋಡನ್ನು ಓಡಿಸುತ್ತಾಳೆ. ಅದು ಫೈಲನ್ನೂ ಹೊರಗಿನ ಪರಿಸ್ಥಿತಿಯನ್ನೂ ತಾಳೆ ನೋಡುತ್ತದೆ. ವ್ಯತ್ಯಾಸ ಕಂಡರೆ, ಇದನ್ನು ಹೀಗೆ ಬದಲಿಸಲೇ ಅಂತ ಕೇಳುತ್ತದೆ. ಯೆಸ್ ಅಂದರೆ ಫೈಲಿನಲ್ಲಿದ್ದಂತೆ ಮಾಡಿ ಮುಗಿಸುತ್ತದೆ. ಅಡುಗೆಮನೆಯ ಡಬ್ಬಿಗಳನ್ನು ದಿನಾ ರಾತ್ರಿ ಅತ್ತೆ ಹೇಳಿದ ಸಾಲಿನಲ್ಲಿ ಇಡುವ ಸೊಸೆಯ ಹಾಗೆ. ಸಾಲು ಸರಿಯಿದ್ದರೆ ಅವಳಿಗೆ ಕೆಲಸವಿಲ್ಲ.

ಕೆಲಸ ಮುಗಿದ ಕೂಡಲೇ ಆಫೀಸಿನ ಗ್ರೂಪಿಗೆ ತಾನಾಗಿಯೇ ಒಂದು ಸಂದೇಶ ಬೀಳುತ್ತದೆ. ಬುಧವಾರದ್ದು ಹೊನ್ನಪ್ಪನವರ ಫೋನಿನಲ್ಲೂ ಇತ್ತು. ಓಡಿಸಿದವರು ಸಿಂಚನಾ. ಹೊಸದು ಸೊನ್ನೆ, ಬದಲಾದದ್ದು ಒಂದು, ಅಳಿಸಿದ್ದು ಸೊನ್ನೆ. ಅದರ ಬೆನ್ನಿಗೇ ದಾಳಿ. ಬದಲಾದದ್ದು ರಿಪೋರ್ಟು ಸೈಟಿನ ಮೋಡ ಅಂತ ಐಟಿ ಮುಖ್ಯಸ್ಥ ರಘುನಂದನ ಟ್ರಸ್ಟಿಗಳಿಗೆ ಬರೆದುಕೊಟ್ಟಿದ್ದ. ಸಿಂಚನಾ ಮೋಡ ತೆಗೆದಳು, ಕಳ್ಳರು ನುಗ್ಗಿದರು. ಮರಾಠಿ ಟ್ರಸ್ಟಿಗಳಿಗೆ ಇಷ್ಟು ಸಾಕಾಗಿತ್ತು.

"ನಾನು ಫೈಲ್ ಮುಟ್ಟೇ ಇಲ್ಲ ಮೇಡಂ," ಅಂದಳು ಸಿಂಚನಾ. ಕಣ್ಣೊರೆಸಿಕೊಂಡಳು. "ಆದ್ರೂ ಒಂದು ಬದಲಾಯ್ತು ಅಂತಿದೆ. ನಿದ್ದೆ ಬರ್ತಿಲ್ಲ ನಂಗೆ. ನಾನೇ ಏನಾದ್ರೂ ತಿಳೀದೆ ಮಾಡ್ಬಿಟ್ನಾ?"

ಅಳಬೇಡ ಅಂತ ನಾನು ಹೇಳಲಿಲ್ಲ. ಅಳು ಬಂದಾಗ ಅಳುವುದು ಒಳ್ಳೆಯದೇ. ಆದರೆ ಅವಳ ಪ್ರಶ್ನೆಯಲ್ಲೇ ಉತ್ತರ ಕೂತಿತ್ತು, ಅದರ ಸಂಶಯ ಮನೆಯಲ್ಲಿ ಬೆಳಿಗ್ಗೆ ಚಹಾ ಕುಡಿಯುವಾಗಲೇ ನನಗೆ ಬಂದಿತ್ತು. ಮಾತಿಗೆ ಸಾಕ್ಷಿ ಬೇಕಿತ್ತು, ಅಷ್ಟೇ.

"ಹೊನ್ನಪ್ಪನವರ, ರಘುನಂದನ ಅವರನ್ನ ಕರೀರಿ," ಅಂದೆ. "ಜಲ್ದಿ ಬರಲಿಕ್ಕೆ ಹೇಳ್ರಿ."

ರಘುನಂದನ ಬಂದ. ಬೆಂಗಳೂರಿನವನು, ಬಿಸಿಲಲ್ಲೂ ಪೂರ್ತಿ ತೋಳಿನ ಇಸ್ತ್ರಿ ಶರಟು, ಕೊರಳಲ್ಲಿ ಗುರುತಿನ ಚೀಟಿ. ನನ್ನ ಕಾಟನ್ ಸೀರೆ, ಕೈಚೀಲ ನೋಡಿದವನೇ ಇವರಿಗೆ ನಿಧಾನವಾಗಿ ಹೇಳಬೇಕು ಅಂತ ತೀರ್ಮಾನ ಮಾಡಿಬಿಟ್ಟ. ಸರ್ವರ್ ಅಂದರೇನು ಅಂತ ಶುರು ಮಾಡಿದ. ನಾನೂ ಹ್ಞೂಂ ಹ್ಞೂಂ ಅನ್ನುತ್ತ ಕೇಳಿದೆ. ಇಂಥವರಿಗೆ ಮೊದಲು ಮಾತಾಡಲು ಬಿಡಬೇಕು, ನಮ್ಮ ಅರ್ಧ ಕೆಲಸ ಅವರೇ ಮಾಡಿಕೊಡುತ್ತಾರೆ.

ಅವನ ವಾದ ಇಷ್ಟು. ತಾನು ಬಂದ ಮೇಲೆ ಈ ಆಸ್ಪತ್ರೆಯಲ್ಲಿ ಒಂದು ಶಿಸ್ತು ತಂದಿದ್ದೇನೆ. ಕಾವಲು ಕಂಪನಿಯ ಪರದೆಗೆ ಹೋಗಿ ಮೌಸಿನಿಂದ ಒತ್ತಿ ಬದಲಿಸುವ ಹಳೇ ಪದ್ಧತಿ ಬಂದ್. ಏನೇ ಆದರೂ ಕೋಡಿನಿಂದಲೇ ಆಗಬೇಕು. ಆದ್ದರಿಂದ ಮೋಡ ಹೋಗಿದ್ದರೆ ಕೋಡಿನಿಂದಲೇ ಹೋಗಿರಬೇಕು, ಕೋಡು ಓಡಿಸಿದವಳು ಸಿಂಚನಾ ಒಬ್ಬಳೇ. ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ತಿದ್ದಿ, ಓಡಿಸಿ, ಆಮೇಲೆ ಆ ಸಾಲನ್ನು ಮತ್ತೆ ಮೊದಲಿನಂತೆ ಮಾಡಿಟ್ಟಿದ್ದಾಳೆ. ಅದಕ್ಕೇ ಈಗ ಫೈಲು ಸರಿಯಾಗಿ ಕಾಣುತ್ತಿದೆ.

"ಚಲೋ ಹೇಳಿದ್ರಿ," ಅಂದೆ. "ಮೌಸಿನಿಂದ ಯಾರಿಗೂ ಆಗೂದಿಲ್ಲ. ಬರೋಬರ್?"

"ಹೌದು ಮೇಡಂ. ಅದು ನಾನೇ ಮಾಡಿದ ರೂಲು. ಟ್ರಸ್ಟಿಗಳಿಗೂ ಬರೆದುಕೊಟ್ಟಿದ್ದೀನಿ."

"ಈಗ ಮೋಡ ಐತೇನು?"

"ಈಗ ಇದೆ."

"ಹೌದು, ನಾನೂ ಮುಂಜಾನೆ ನೋಡಿದೆ, ಐತಿ. ಯಾರು ಹಾಕಿದ್ರು?"

ಅವನು ಕೊರಳಿನ ಗುರುತಿನ ಚೀಟಿಯನ್ನು ತಿರುಗಿಸತೊಡಗಿದ.

"ಬುಧವಾರ ಸಂಜಿಗೆ ಕೋಡು ಓಡಿದ್ದು ಒಂದ ಸಲ," ಅಂದೆ. "ಗ್ರೂಪಿಗೆ ಬಂದ ಸಂದೇಶ ಒಂದ. ಅದರ ಮ್ಯಾಲೆ ಇವತ್ತಿನ ತನಕ ಯಾರೂ ಓಡಿಸಿಲ್ಲ, ಇವಳ ಲ್ಯಾಪ್‌ಟಾಪ್ ಹೊನ್ನಪ್ಪನವರ ಕಪಾಟಿನಾಗ ಐತಿ. ಇವಳು ಮೋಡ ತೆಗದಿದ್ರ, ಅದು ಇವತ್ತಿಗೂ ತೆಗದ ಇರಬೇಕಿತ್ತು. ತೆಗದು ಮತ್ತ ಹಾಕಿದ್ರ, ಸಂದೇಶ ಎರಡು ಬರಬೇಕಿತ್ತು. ಹಂಗಂದ್ರ ಆ ಒಂದು ಬದಲಾವಣಿ ಯಾವುದು, ರಘುನಂದನ ಅವರ?"

ಉತ್ತರ ಹೊನ್ನಪ್ಪನವರು ಕೊಟ್ಟರು. ಮಿಲಿಟರಿ ಮನುಷ್ಯ, ಲೆಕ್ಕ ಹಾಕಿಬಿಟ್ಟಿದ್ದರು.

"ಹಾಕಿದ್ದು," ಅಂದರು. "ಹುಡುಗಿ ಮೋಡ ಹಾಕ್ಯಾಳ. ತೆಗದಿಲ್ಲ."

ಸಿಂಚನಾ ನನ್ನ ಮುಖ ನೋಡಿದಳು, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. ಅವಳು ಫೈಲು ಮುಟ್ಟಿರಲಿಲ್ಲ. ಫೈಲಿನಲ್ಲಿ ಮೋಡ ಇರಲಿ ಅಂತಲೇ ಇತ್ತು. ಹೊರಗೆ ಬೇರೆ ಯಾರೋ ತೆಗೆದಿದ್ದರು, ಕೋಡು ಆ ವ್ಯತ್ಯಾಸ ಕಂಡು ವಾಪಸು ಹಾಕಲೇ ಅಂತ ಕೇಳಿತ್ತು, ಇವಳು ಓದದೇ ಯೆಸ್ ಅಂದಿದ್ದಳು. ಕದ್ದವನ ಹಿಂದೆಯೇ ಹೋಗಿ ಬಾಗಿಲು ಮುಚ್ಚಿದವಳನ್ನೇ ಕಳ್ಳಿ ಅಂತ ಹಿಡಿದಿದ್ದರು. ಮುಚ್ಚುವುದರೊಳಗೆ ಗೋದಾಮಿನ ವಿಳಾಸ ಹೊರಗಿನವರ ಕೈ ಸೇರಿತ್ತು, ಒಮ್ಮೆ ಗೊತ್ತಾದ ಮೇಲೆ ಮೋಡ ಹಾಕಿದರೂ ಅಷ್ಟೇ ಬಿಟ್ಟರೂ ಅಷ್ಟೇ.

"ಹಾಗಲ್ಲ," ಅಂದ ರಘುನಂದನ. "ದಾಳಿ ಆದ್ಮೇಲೆ ಮೋಡ ವಾಪಸ್ ಹಾಕಿದ್ದು ನಾನು."

"ಹೆಂಗ ಹಾಕಿದ್ರಿ?"

"ಪರದೆಯಲ್ಲಿ ಹೋಗಿ..."

ಅಷ್ಟು ಹೇಳಿ ನಿಂತುಬಿಟ್ಟ. ಪಾಪ, ತಾನೇ ತೋಡಿದ ಗುಂಡಿ ಕಾಲ ಕೆಳಗೆ ಕಂಡಿತ್ತು.

"ಮೌಸಿನಿಂದ ಯಾರಿಗೂ ಆಗೂದಿಲ್ಲ ಅಂದ್ರಲ್ಲ," ಅಂದರು ಹೊನ್ನಪ್ಪನವರು.

ಆ ಪರದೆಯ ಬೀಗದಕೈ, ಅಂದರೆ ಪಾಸ್‌ವರ್ಡು, ಇದ್ದದ್ದು ರಘುನಂದನ ಒಬ್ಬನ ಹತ್ತಿರ. ಯಾರು ಯಾವಾಗ ಏನು ಒತ್ತಿದರು ಅನ್ನುವ ದಾಖಲೆಯನ್ನು ಕಾವಲು ಕಂಪನಿ ಇಟ್ಟುಕೊಂಡಿರುತ್ತದೆ, ಅದನ್ನು ತೆಗೆಸುತ್ತೇನೆ ಅಂತ ಹೇಳಿದವನು ಇವತ್ತಿನ ತನಕ ತೆಗೆಸಿರಲಿಲ್ಲ. ಈಗಲೇ ನನ್ನೆದುರು ತೆರೆಯುತ್ತೀರೋ, ಟ್ರಸ್ಟಿಗಳೆದುರು ತೆರೆಯುತ್ತೀರೋ ಅಂತ ಕೇಳಿದೆ. ಎರಡೂ ಬೇಡ ಅಂತ ತಲೆ ಆಡಿಸಿ, ಗೋಡೆಗೆ ಒರಗಿ ನಿಂತ. ಇಸ್ತ್ರಿಯ ಗರಿ ಆ ಹೊತ್ತಿಗೆ ಪೂರ್ತಿ ಇಳಿದಿತ್ತು.

ಆಮೇಲೆ ಹೇಳಿದ, ಎಲ್ಲಾ ಹೇಳಿದ. ಬುಧವಾರ ಮಧ್ಯಾಹ್ನ ಅವನಿಗೊಂದು ಫೋನು ಬಂತು. ಹೆಂಗಸಿನ ಧ್ವನಿ, ನಡುವಯಸ್ಸಿನವಳದ್ದು. ಕನ್ಹಾನ್‌ನಲ್ಲಿರುವ ಆಸ್ಪತ್ರೆಯ ಶಾಖೆಯಿಂದ ಮಾತಾಡುತ್ತಿದ್ದೇನೆ, ರೋಗಿಯೊಬ್ಬರ ಸ್ಕ್ಯಾನ್ ಕಳಿಸಬೇಕು, ಫೈಲು ದೊಡ್ಡದು, ಹೋಗುತ್ತಿಲ್ಲ, ಡಾಕ್ಟರು ಕಾಯುತ್ತಿದ್ದಾರೆ, ರೋಗಿಗೆ ಉಸಿರು ಕಷ್ಟವಾಗಿದೆ ಅಂದಳಂತೆ. ಅದು ನಿಜವಾಗಿಯೂ ಆಗುವ ಮಾತೇ. ಕಾವಲು ಕಂಪನಿ ತೀರ ದೊಡ್ಡ ಫೈಲುಗಳನ್ನು ಒಳಗೆ ಬಿಡುವುದಿಲ್ಲ. ಸ್ವಲ್ಪ ಹೊತ್ತು ಮೋಡ ತೆಗೆದರೆ ಫೈಲು ನೇರವಾಗಿ ಗೋದಾಮಿಗೇ ಹೋಗುತ್ತದೆ. ಕೋಡು ತಿದ್ದಿ, ಇನ್ನೊಬ್ಬರಿಗೆ ತೋರಿಸಿ, ಓಡಿಸುವಷ್ಟು ಪುರಸೊತ್ತು ಎಲ್ಲಿ ಅಂತ ಇವನು ಪರದೆಗೆ ಹೋಗಿ ಮೌಸಿನಿಂದ ತೆಗೆದ. ಆಮೇಲೆ ಮೀಟಿಂಗಿಗೆ ಹೋದ. ಮರೆತ.

ಮರೆತದ್ದನ್ನು ನಾನು ಕ್ಷಮಿಸಿಬಿಡುತ್ತಿದ್ದೆ. ಗೋದಾಮಿನ ಬಾಗಿಲಿಗೆ ಕಾವಲು ಕಂಪನಿಯವರನ್ನು ಬಿಟ್ಟು ಬೇರೆ ಯಾರೂ ಬರದ ಹಾಗೆ ಅಗಳಿ ಹಾಕದೇ ಇದ್ದದ್ದನ್ನೂ ಬೈದು ಬಿಟ್ಟುಬಿಡುತ್ತಿದ್ದೆ. ಆದರೆ ಗ್ರೂಪಿನಲ್ಲಿ ಸಿಂಚನಾ ಹೆಸರು ಕಂಡಾಗ ಇವನಿಗೆ ಸತ್ಯ ಗೊತ್ತಿತ್ತು. ತನ್ನ ಕೈಕೆಳಗಿನ ಹುಡುಗಿ ನಿದ್ದೆಗೆಟ್ಟು ಅಳುತ್ತಿರುವುದನ್ನು ನೋಡಿಕೊಂಡೇ ಅವಳ ಮೇಲೆ ಕಾಗದ ಬರೆದುಕೊಟ್ಟಿದ್ದ. ಸಿಟ್ಟು ನೆತ್ತಿಗೇರಿತು ನನಗೆ.

"ನಿಮಗ ಅಕ್ಕ ತಂಗಿ ಯಾರೂ ಇಲ್ಲೇನ್ರಿ?" ಅಂದೆ.

"ಯಾರು ಏನು ಅಂತ ವಿಚಾರಿಸ್ದೆ ಯಾಕೆ ತೆಗೆದ್ರಿ ಸರ್?" ಅಂತ ಕೇಳಿದವಳು ಸಿಂಚನಾ. ಅಷ್ಟು ಹೊತ್ತಿನಲ್ಲಿ ಅವಳು ಅವನನ್ನು ನೇರವಾಗಿ ಕೇಳಿದ್ದು ಅದೊಂದೇ ಮಾತು.

"ಕನ್ನಡದಲ್ಲಿ ಮಾತಾಡಿದ್ರು," ಅಂದ ರಘುನಂದನ. "ಇಲ್ಲಿ ಬೆಳಗಿಂದ ಸಂಜೆವರೆಗೆ ಹಿಂದಿ, ಮರಾಠಿ. ಫೋನ್ ಎತ್ತಿದ್ರೆ, ಊಟ ಆಯ್ತಾ ಸರ್ ಅಂತ ಕೇಳಿದ್ರು. ನಮ್ಮ ಬೆಂಗಳೂರು, ಮೈಸೂರು ಕಡೆ ಮಾತು. ನಮ್ಮೋರೇ ಅಲ್ವಾ ಅಂತ..."

ಇದಕ್ಕೆ ನಾನು ಯಾವ ಬಾಯಿಂದ ಬೈಯಲಿ? ಸೀತಾಬರ್ಡಿಯ ಸೀರೆ ಅಂಗಡಿಯಲ್ಲಿ ಪಕ್ಕದವಳು ಗಂಡನನ್ನು ಕನ್ನಡದಲ್ಲಿ ಬೈಯುವುದು ಕೇಳಿ, ಗುರುತು ಪರಿಚಯ ಇಲ್ಲದೇ ಇಬ್ಬರನ್ನೂ ಮನೆಗೆ ಊಟಕ್ಕೆ ಕರೆದವಳು ನಾನು. ಈ ಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಸಾಕು, ನಾವು ಹೆಸರು ಕೇಳುವುದಿಲ್ಲ, ಊರು ಕೇಳುತ್ತೇವೆ. ಆ ಫೋನು ಮಾಡಿಸಿದವರು ಯಾರೇ ಆಗಿರಲಿ, ನಮ್ಮ ಈ ಸ್ವಭಾವ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹೊನ್ನಪ್ಪನವರು ಮೀಸೆಯ ಮೇಲೆ ಕೈ ಆಡಿಸಿಕೊಂಡರು. "ನೀವು ಕನ್ಹಾನ್‌ಕ ಎಂದರ ಹೋಗೀರೇನು?" ಅಂತ ಕೇಳಿದರು ಅವನನ್ನು.

ಹೋಗಿಲ್ಲ ಅಂದ.

"ಹೋಗಿದ್ರ ತಿಳೀತಿತ್ತು. ಅಲ್ಲಿ ಒಂದು ಎಕ್ಸ್‌ರೇ ಬಿಟ್ರ ಏನೂ ಇಲ್ಲ. ಸ್ಕ್ಯಾನ್ ಮಷಿನ್ನ ಇಲ್ಲ."

ಇಲ್ಲದ ಮಷಿನ್ನಿನ, ಇಲ್ಲದ ರೋಗಿಯ, ಇಲ್ಲದ ಸ್ಕ್ಯಾನು. ಮೋಡ ತೆಗೆಸುವುದೊಂದೇ ಆ ಫೋನಿನ ಕೆಲಸ. ತೆಗೆದ ಕೂಡಲೇ ವಿಳಾಸ ಬರೆದುಕೊಳ್ಳಲು ಯಾರೋ ಕಾದು ಕೂತಿದ್ದರು.

ಸಭೆ ನಡೆಯುತ್ತಿದ್ದದ್ದು ಅದೇ ಮಹಡಿಯ ಕೊನೆಯ ಕೋಣೆಯಲ್ಲಿ. ಒಳಗಿಂದ ಕರೆ ಬರುವ ಮೊದಲೇ ಹೋಗಿ ಎಲ್ಲ ಹೇಳಿಬಿಡೋಣ ಅಂತ ಹೊನ್ನಪ್ಪನವರು ಎದ್ದರು. ಒಂದು ನಿಮಿಷ ತಡೀರಿ ಅಂದೆ. ಗೆದ್ದಿದ್ದೆ, ಅದು ನನಗೆ ಗೊತ್ತಿತ್ತು. ಆದರೆ ಬರೀ ರಘುನಂದನನ ಮರೆವು ಹಿಡಿದುಕೊಂಡು ಹೋಗುವುದಕ್ಕಿಂತ ಆ ಹೆಂಗಸಿನ ಧ್ವನಿಯನ್ನೂ ಹಿಡಿದು ಟ್ರಸ್ಟಿಗಳ ಮೇಜಿನ ಮೇಲೆ ಇಟ್ಟರೆ ಸಿಂಚನಾ ಮೇಲೆ ಎಳ್ಳಷ್ಟೂ ಅನುಮಾನ ಉಳಿಯುವುದಿಲ್ಲ. ನನಗೆ ಕೆಲಸ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ.

ನಂಬರ್ ಇದೆಯೇನು ಅಂತ ಕೇಳಿದೆ. ರಘುನಂದನ ತನ್ನ ಫೋನಿನಲ್ಲಿ ಬುಧವಾರದ ಕರೆಗಳನ್ನು ಹುಡುಕಿದ. ಇತ್ತು. ಅವನ ಫೋನಿನಿಂದ ಮಾಡಿದರೆ ಆಕೆ ಗುರುತು ಹಿಡಿದು ಎತ್ತಲಿಕ್ಕಿಲ್ಲ. ಸಿಂಚನಾ ಫೋನು ಅವಳ ಕೈಯಲ್ಲೇ ಇತ್ತು.

"ನೀನ ಹಚ್ಚು ತಂಗಿ," ಅಂದೆ. "ಸ್ಪೀಕರ್‌ಗೆ ಹಾಕು. ಎತ್ತಿದ ಮ್ಯಾಲೆ ಮಾತಾಡೂದು ನನಗ ಬಿಡು."

ಹುಡುಗಿಯ ಮುಖದ ಮೇಲೆ ಆವತ್ತು ಮೊದಲ ಸಲ ಕಳೆ ಬಂತು. ಹುರುಪಿನಿಂದ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತಳು. ರಘುನಂದನ ಒಂದೊಂದೇ ಅಂಕಿ ಓದತೊಡಗಿದ. ಅವಳು ಒತ್ತತೊಡಗಿದಳು. ಒಂಬತ್ತು, ನಾಲ್ಕು, ನಾಲ್ಕು, ಎಂಟು.

ನಡುವೆ ಅವಳ ಬೆರಳು ನಿಧಾನವಾಯಿತು. ಒಮ್ಮೆ ನಿಂತಿತು. ಅವನು ಕೊನೆಯ ಅಂಕಿಗಳನ್ನು ಓದಲು ಕಣ್ಣು ಕಿರಿದು ಮಾಡಿಕೊಂಡು ಫೋನನ್ನು ಹತ್ತಿರ ಹಿಡಿಯುತ್ತಿದ್ದ, ಇನ್ನೂ ಓದಿರಲಿಲ್ಲ. ಸಿಂಚನಾ ಆಗಲೇ ಅವುಗಳನ್ನು ಒತ್ತಿ ಮುಗಿಸಿದ್ದಳು.

ಅವಳ ಫೋನಿನ ಪರದೆಯ ಮೇಲೆ ಆ ನಂಬರಿನ ಹೆಸರು ಬಂತು. ಅದನ್ನು ನೋಡಿದ್ದು ನಾನು ಮತ್ತು ಅವಳು ಇಬ್ಬರೇ.

ಅಮ್ಮ.

ಅವಳು ಕರೆ ಹಚ್ಚಲಿಲ್ಲ. ಫೋನನ್ನು ಎದೆಗೆ ಅವಚಿಕೊಂಡಳು. ಬುಧವಾರ ಫೋನು ಮಾಡಿದ್ದು ನಿನ್ನ ತಾಯಿಯೇ, ತಾನಾಗಿ ಮಾಡಿದಳೋ, ಯಾರೋ ಮಾಡಿಸಿದರೋ ಅಂತ ಕೇಳಲಿಕ್ಕೆ ನಾನು ಮೆಲ್ಲಗೆ ಅವಳ ಮೊಣಕೈ ಹಿಡಿದೆ.

"ಹತ್ತಿಲ್ಲೇನು?" ಅಂದರು ಹೊನ್ನಪ್ಪನವರು.

"ಸ್ವಿಚ್ ಆಫ್ ಬರ್ತಿದೆ ಸರ್," ಅಂದಳು ಸಿಂಚನಾ.

ಅಷ್ಟರಲ್ಲಿ ಜವಾನನೊಬ್ಬ ಬಾಗಿಲು ತೆರೆದು ಟ್ರಸ್ಟಿಗಳು ಕರೆಯುತ್ತಿದ್ದಾರೆ ಅಂತ ಹೇಳಿದ. ಆಗಲಿ, ಆ ಹೆಂಗಸನ್ನು ಪೊಲೀಸರೇ ಹುಡುಕಲಿ, ನಂಬರ್ ಕೊಟ್ಟರಾಯಿತು ಅನ್ನುತ್ತ ಹೊನ್ನಪ್ಪನವರು ರಘುನಂದನನನ್ನು ಮುಂದೆ ಮಾಡಿಕೊಂಡು ಹೊರಟರು. ನಂಬರ್ ಕೊಟ್ಟರಾಯಿತು ಅನ್ನುವ ಮಾತು ಕೇಳಿದ್ದೇ ಸಿಂಚನಾ ಎದ್ದಳು. ನನ್ನ ಕೈ ಬಿಡಿಸಿಕೊಂಡಳು. ಇಬ್ಬರು ಗಂಡಸರನ್ನೂ ದಾಟಿಕೊಂಡು ಮೊಗಸಾಲೆಯಲ್ಲಿ ಬಿರಬಿರನೆ ನಡೆದಳು. ಸಿಂಚನಾ, ನಿಲ್ಲು ಅಂತ ಕೂಗುತ್ತ ನಾನು ಹಿಂದೆ ಓಡಿದೆ. ಚಪ್ಪಲಿ ಅಲ್ಲೇ ಉಳಿಯಿತು.

ನಾನು ತಲುಪುವಷ್ಟರಲ್ಲಿ ಅವಳು ಟ್ರಸ್ಟಿಗಳ ಉದ್ದ ಮೇಜಿನ ಎದುರು ನಿಂತಿದ್ದಳು. ಈ ಊರಿಗೆ ಬಂದ ಮೇಲೆ ಕಲಿತ ಹರುಕು ಮುರುಕು ಮರಾಠಿಯಲ್ಲಿ, ಆದರೆ ಎಲ್ಲರಿಗೂ ತಿಳಿಯುವ ಹಾಗೆ, ರಘುನಂದನ ಸರ್ ಬರೆದುಕೊಟ್ಟಿದ್ದು ಸರಿ ಅಂದಳು. ಮೋಡ ತೆಗೆದವಳು ತಾನೇ ಅಂದಳು. ಬೇರೆ ಯಾರನ್ನೂ ವಿಚಾರಿಸುವ ಅಗತ್ಯ ಇಲ್ಲ, ಯಾವ ನಂಬರನ್ನೂ ಹುಡುಕುವ ಅಗತ್ಯ ಇಲ್ಲ, ಈಗಲೇ ಬರೆಯಿರಿ, ಸಹಿ ಹಾಕುತ್ತೇನೆ ಅಂದಳು.

ಬಾಗಿಲಲ್ಲಿ ನಿಂತಿದ್ದ ರಘುನಂದನ ಆ ನಂಬರಿದ್ದ ತನ್ನ ಫೋನನ್ನು ನಿಧಾನವಾಗಿ ಪ್ಯಾಂಟಿನ ಜೇಬಿಗೆ ಇಳಿಬಿಟ್ಟ.

ಹೊನ್ನಪ್ಪನವರು ಅವಳನ್ನು ನೋಡಿದರು, ಅವನನ್ನು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು. ಮೇಜಿನ ಸುತ್ತ ಕೂತವರೆಲ್ಲ ಅವರ ಜೊತೆಗೇ ತಿರುಗಿದರು. ಸಿಂಚನಾ ಮಾತ್ರ ತಿರುಗಲಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಅವಳ ಕೈ ಫೋನಿನ ಪರದೆ ಕಾಣದ ಹಾಗೆ ಮುಚ್ಚಿ ಹಿಡಿದಿತ್ತು.

"ಅಕ್ಕಾರ," ಅಂದರು ಹೊನ್ನಪ್ಪನವರು, "ನೀವು ಹೇಳ್ರಿ. ಯಾವುದು ಖರೆ?"